ನಮ್ಮ ಲೇತಿಗೆ ಕೂರದ ಚಕ್ಕು

ನಮ್ಮ ಮನೆಯವರು ಪೆನ್ನು ಮಾಡುತ್ತಿದ್ದರು. ಮುಳಬಾಗಿಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಲೇತು ಇತ್ತು. ಅವರು ಉಳಿ ಹಿಡಿದು ಕಡೆಯುತ್ತಿದ್ದರು, ನಾನು ಚಕ್ರ ತಿರುಗಿಸುತ್ತಿದ್ದೆ. ಕರೆಂಟಿನ ಮೋಟರು ನಮಗೆಲ್ಲಿಂದ ಬರಬೇಕು? ಆಳೆತ್ತರದ ಮರದ ಚಕ್ರ, ಅದರಿಂದ ಲೇತಿಗೆ ಒಂದು ತೊಗಲಿನ ಪಟ್ಟಾ. ನಾನು ತಿರುಗಿಸಿದರೆ ಲೇತು ತಿರುಗುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಮದುವೆಯಾಗಿ ಬಂದ ಮೂರನೇ ತಿಂಗಳಿಗೆ ಆ ಚಕ್ರಕ್ಕೆ ಕೈ ಹಾಕಿದವಳು. ಇಬ್ಬರು ಹೆಣ್ಣುಮಕ್ಕಳು ಹೊಟ್ಟೆಯಲ್ಲಿದ್ದಾಗಲೂ ತಿರುಗಿಸಿದೆ.

ಪೆನ್ನು ಆಗುತ್ತಿದ್ದುದು ಕಪ್ಪು ಕಡ್ಡಿಯಿಂದ. ಎಬೊನೈಟ್ ಅಂತ ಅದರ ಹೆಸರು. ಕಲ್ಲಿನ ಹಾಗೆ ಗಟ್ಟಿಯಾದ ರಬ್ಬರು. ಉಳಿ ತಾಗಿದರೆ ಗಂಧಕ ಸುಟ್ಟ ವಾಸನೆ ಬರುತ್ತಿತ್ತು. ಸೀರೆಗೆ, ತಲೆಗೂದಲಿಗೆ, ಅನ್ನದ ಪಾತ್ರೆಗೆ ಎಲ್ಲಕ್ಕೂ ಆ ವಾಸನೆ. ತವರಿನಲ್ಲಿ ನಮ್ಮಮ್ಮ ನನ್ನ ಹತ್ತಿರ ಕೂತರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಪೆನ್ನು ಅಂದರೆ ಬರೀ ಕಡ್ಡಿ ಅಲ್ಲ. ನಿಬ್ಬು ಮದ್ರಾಸಿನಿಂದ ಬರುತ್ತಿತ್ತು. ನಿಬ್ಬಿನ ಕೆಳಗೆ ಶಾಯಿ ಹರಿಸುವ ನಾಲಿಗೆ ಆಂಧ್ರದ ಕಡೆಯಿಂದ. ಕ್ಲಿಪ್ಪು ಬೆಂಗಳೂರಿನಿಂದ. ಒಬ್ಬ ಮಾಡಿದ್ದಕ್ಕೂ ಇನ್ನೊಬ್ಬ ಮಾಡಿದ್ದಕ್ಕೂ ಹೊಂದಾಣಿಕೆ ಇರುತ್ತಿರಲಿಲ್ಲ. ನಾಲಿಗೆ ದಪ್ಪ, ನಿಬ್ಬು ತೆಳ್ಳಗೆ. ಕ್ಲಿಪ್ಪಿನ ಬಳೆ ದೊಡ್ಡದು, ಮುಚ್ಚಳದ ಕತ್ತು ಚಿಕ್ಕದು. ಇವರು ಎಲ್ಲವನ್ನೂ ಮುಂದೆ ಹರಡಿಕೊಂಡು ಒಂದಕ್ಕೊಂದು ಒಗ್ಗಿಸುತ್ತಿದ್ದರು. ಕೊಳವೆಯನ್ನು ಕೂದಲೆಳೆಯಷ್ಟು ಕಡೆದು, ಊದಿ, ಮತ್ತೆ ಕಡೆದು, ಕೂರಿಸುತ್ತಿದ್ದರು. ಲೇತು ನೆಟ್ಟಗೆ ತಿರುಗುತ್ತಿದ್ದರೆ ಯಾವ ಊರಿನ ನಿಬ್ಬನ್ನಾದರೂ ಯಾವ ಊರಿನ ನಾಲಿಗೆಗೆ ಕಟ್ಟಿ ಸಂಸಾರ ಮಾಡಿಸ್ತೀನಿ ಅನ್ನುತ್ತಿದ್ದರು. ನಮ್ಮ ಸಂಸಾರವೂ ಅದರ ಮೇಲೇ ನಿಂತಿತ್ತು. ಗದ್ದೆ ಇಲ್ಲ, ಹೊಲ ಇಲ್ಲ. ಲೇತು ನೆಟ್ಟಗಿದ್ದರೆ ಒಲೆ ಉರಿಯುತ್ತಿತ್ತು.

ಪೆನ್ನು ಹೆಚ್ಚಿಗೆ ಹೋಗುತ್ತಿದ್ದುದು ಮಾರ್ಚಿ ತಿಂಗಳಿಗೆ ಮುಂಚೆ, ಪರೀಕ್ಷೆಯ ಕಾಲಕ್ಕೆ. ಶ್ರೀನಿವಾಸಪುರದಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ ಒಬ್ಬರು ನಮ್ಮ ಪೆನ್ನನ್ನು ಗಾಜಿನ ಡಬ್ಬದಲ್ಲಿ ನಿಲ್ಲಿಸಿ ಮಾರುತ್ತಿದ್ದರು. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ಆಗ ರೀಫಿಲ್ ಪೆನ್ನು ಎಲ್ಲಾ ಕಡೆ ಬರುತ್ತಿತ್ತು. ಶಾಯಿ ತುಂಬುವ ಕೆಲಸವಿಲ್ಲ, ಸೋರುವುದಿಲ್ಲ. ಆ ಅಂಗಡಿಯವರು ಇವರಿಗೆ ಹೇಳಿ ಕಳಿಸಿದರು: ಈ ಸಲ ಪರೀಕ್ಷೆಗೆ ಮುಂಚೆ ಒಳ್ಳೇ ಪೆನ್ನು ತಂದುಕೊಟ್ಟರೆ ನಿನ್ನ ಡಬ್ಬ ಅಲ್ಲೇ ಇರುತ್ತೆ, ಇಲ್ಲದಿದ್ದರೆ ಆ ಜಾಗಕ್ಕೆ ರೀಫಿಲ್ ಪೆನ್ನು ಬರುತ್ತೆ. ಕೋಲಾರದ ಅಂಗಡಿಯವರು ಆಗಲೇ ನಮ್ಮನ್ನು ಬಿಟ್ಟಿದ್ದರು. ಉಳಿದದ್ದು ಅದೊಂದೇ ಡಬ್ಬ.

ಆ ವರ್ಷ ನವರಾತ್ರಿಗೆ ಮುಂಚೆ ಚಕ್ಕು ಒಡೆಯಿತು.

ಚಕ್ಕು ಅಂದರೆ ಕಡ್ಡಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬಾಯಿ. ಲೇತಿನಲ್ಲಿ ತಿರುಗುವ ಉಕ್ಕಿನ ದಂಡಕ್ಕೆ ಸ್ಪಿಂಡಲು ಅನ್ನುತ್ತಾರೆ. ಅದರ ತುದಿಯಲ್ಲಿ ತಿರುಪಿನ ಗೆರೆ ಇರುತ್ತದೆ, ಚಕ್ಕನ್ನು ಅದಕ್ಕೆ ಸೀಸೆಯ ಮುಚ್ಚಳದ ಹಾಗೆ ತಿರುಗಿಸಿ ಕೂರಿಸಬೇಕು. ನಮ್ಮದು ಲೇತಿನ ಜೊತೆಯಲ್ಲೇ ಬಂದ ಚಕ್ಕು, ನಮ್ಮ ಮಾವನ ಕಾಲದ್ದು. ಒಂದು ದಿನ ನಾನು ಚಕ್ರ ತಿರುಗಿಸುತ್ತಿದ್ದೆ. ಟಣ್ ಅಂತ ಸದ್ದಾಗಿ ಅದರ ಒಂದು ಹಲ್ಲು ಹಾರಿ ಗೋಡೆಗೆ ಬಡಿಯಿತು. ಇವರ ಕಿವಿಯ ಪಕ್ಕದಲ್ಲೇ ಹೋಯಿತು. ಇವರು ಕಿವಿ ಮುಟ್ಟಿ ನೋಡಿಕೊಳ್ಳಲಿಲ್ಲ, ಚಕ್ಕು ಮುಟ್ಟಿ ನೋಡಿದರು.

ಒಡೆದದ್ದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಲೇತು ಮಾಡಿದವರ ಹೆಸರಿನ ತಗಡು ಯಾವಾಗಲೋ ಬಿದ್ದುಹೋಗಿತ್ತು. ಒಂದು ಅಂಗಡಿಯಲ್ಲಿ ಇಲ್ಲ ಅಂದರು, ಇನ್ನೊಂದರಲ್ಲಿ ಇಲ್ಲ ಅಂದರು. ಮತ್ತೊಂದು ಅಂಗಡಿಯವನು ಒಳಗಿನಿಂದ ಒಂದು ತಂದು ಇಟ್ಟನಂತೆ.

"ಇದು ನಮ್ ಲೇತಿಗೆ ಕೂರುತ್ತಾ ಸಾಮಿ?" ಅಂತ ಇವರು ಕೇಳಿದ್ದಕ್ಕೆ ಅವನು, "ಎಲ್ಲಾ ಒಂದೇ ಅಳ್ತೆ ಕಣಯ್ಯಾ, ತಗೊಂಡ್ ಹೋಗು" ಅಂದನಂತೆ.

ಇವರೂ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದ್ದಾರೆ. ಅದೇ ಮುಖ, ಅದೇ ತೂತು, ಅದೇ ಗೆರೆ. ಕಣ್ಣಿಗೆ ಅಕ್ಕತಂಗಿಯರ ಹಾಗೆ ಕಂಡಿವೆ. ತಂದರು.

ತಂದ ದಿನವೇ ಹಾಕಿ ನೋಡಬೇಕಿತ್ತು. ನೋಡಲಿಲ್ಲ. ಆಯುಧಪೂಜೆ ಹತ್ತಿರ ಬಂದಿತ್ತು. ಹೊಸ ಹತ್ಯಾರು ಆ ಸಮಯಕ್ಕೆ ಮನೆಗೆ ಬಂದರೆ ಪೂಜೆ ಆಗುವ ತನಕ ಕೆಲಸಕ್ಕೆ ಹಚ್ಚುವುದಿಲ್ಲ, ಅದು ಅವರ ಮನೆಯ ಪದ್ಧತಿ. ಕಾಗದ ಬಿಚ್ಚದೆ ದೇವರ ಗೂಡಿನ ಕೆಳಗಿಟ್ಟರು. ಹಬ್ಬದ ದಿನ ಲೇತು ತೊಳೆದು ವಿಭೂತಿ ಬಳಿದೆ, ಚಕ್ರಕ್ಕೆ ಚೆಂಡುಹೂವಿನ ಹಾರ ಹಾಕಿದೆ. ಉಳಿ, ಅರ, ಬೈರಿಗೆ ಎಲ್ಲಾ ಸಾಲಾಗಿ ಇಟ್ಟರು. ನಡುವೆ ಬಾಳೆಎಲೆಯ ಮೇಲೆ ಹೊಸ ಚಕ್ಕು, ಮದುವಣಗಿತ್ತಿ ಕೂತ ಹಾಗೆ. ಅರಿಶಿನ, ಕುಂಕುಮ, ಕರ್ಪೂರ. ಹೊಸ್ತಿಲಲ್ಲಿ ಬೂದುಗುಂಬಳ ಒಡೆದರು.

ಮಾರನೇ ದಿನ ಚಕ್ಕು ಎತ್ತಿ ಸ್ಪಿಂಡಲಿಗೆ ಇಟ್ಟು ತಿರುಗಿಸಿದರು. ಒಂದು ಸುತ್ತು ಹೋಯಿತು. ಎರಡನೆಯದು ಅರ್ಧ ಹೋಗಿ ಬಿಗಿದು ನಿಂತಿತು. ಬಿಚ್ಚಿ ಎಣ್ಣೆ ಹಾಕಿ ಮತ್ತೆ ತಿರುಗಿಸಿದರು. ಅದೇ ಜಾಗಕ್ಕೆ ನಿಂತಿತು. ಹಳೆಯದರ ಗೆರೆಗಿಂತ ಹೊಸದರ ಗೆರೆ ಸ್ವಲ್ಪವೇ ಸ್ವಲ್ಪ ಒತ್ತು. ಮೊದಲ ಸುತ್ತಿಗೆ ಗೊತ್ತಾಗುವುದಿಲ್ಲ, ಎರಡನೆಯದಕ್ಕೆ ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ.

"ವಾಪಸ್ ಕೊಟ್ಟು ಬೇರೆ ತಗೊಂಡ್ ಬನ್ನಿ" ಅಂದೆ.

"ಪೂಜೆ ಮಾಡಿದ್ನ ವಾಪಸ್ ಕೊಡ್ತಾರೇನೇ? ಕುಂಕುಮ ಇಟ್ಟು ಒಳಗ್ ಕರ್ಕೊಂಡ ಲಕ್ಷ್ಮಿನ ಚೀಲಕ್ ಹಾಕ್ಕೊಂಡ್ ಹೋಗಿ ಅಂಗ್ಡೀಲಿ ಬಿಟ್ಬರ್ಲಾ?"

"ಕುಂಕುಮ ಒರಸ್ಕೊಂಡ್ ಹೋಗಿ. ಅಂಗ್ಡಿಯವ್ನಿಗೇನ್ ಗೊತ್ತಾಗುತ್ತೆ?"

"ನಿನ್ ಬಾಯಿಗೊಂದ್ ಚಕ್ಕು ಹಾಕ್ಬೇಕು ಕಣೇ."

"ಮೊದ್ಲು ಲೇತಿಗ್ ಹಾಕಿ. ಆಮೇಲ್ ನನ್ ಬಾಯಿಗ್ ಹಾಕೀರಂತೆ."

ಅವರು ನಗಲಿಲ್ಲ. ಹೋಗಲಿ, ಆ ಚಕ್ಕಿನ ಒಳಗನ್ನೇ ಕೊರೆಸಿ ಸರಿ ಮಾಡಿ ಅಂದೆ. ಅದೂ ಆಗದಂತೆ. ಪೂಜೆಯಾದ ಹೊಸ ಹತ್ಯಾರಿನ ಮೈಗೆ ಮುಂದಿನ ಆಯುಧಪೂಜೆಯವರೆಗೆ ಅರ ತಾಗಿಸಬಾರದಂತೆ. ಅವರಪ್ಪ ಹಾಗೇ ನಡೆದುಕೊಂಡಿದ್ದು, ತಾತ ಹಾಗೇ ನಡೆದುಕೊಂಡಿದ್ದು. ವಾಪಸ್ಸು ಕೊಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಕೂರುವುದೂ ಇಲ್ಲ. ಇನ್ನು ಕೊರೆಯಲು ಉಳಿದದ್ದು ಸ್ಪಿಂಡಲು ಒಂದೇ.

"ಸ್ಪಿಂಡಲು ನಮ್ಮನೇದು. ನಾವ್ ಹೇಳ್ದಂಗೆ ಕೇಳುತ್ತೆ" ಅಂದರು.

ಎರಡು ತಿಂಗಳು ಹಳೇ ಚಕ್ಕಿಗೆ ತಂತಿ ಕಟ್ಟಿ, ಬೆಣೆ ಹೊಡೆದು ಕೆಲಸ ನಡೆಸಲು ನೋಡಿದರು. ಕಡ್ಡಿ ಹಾರಿ ಹಾರಿ ಬೀಳುತ್ತಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ನನ್ನ ತಮ್ಮ ಮಾಲೂರಿನಲ್ಲಿ ಒಂದು ಹೆಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅವರೆಕಾಯಿ ಕಾಲದಲ್ಲಿ ಮನೆಗೆ ಬಂದಾಗ ತಿರುಪು ಕೊರೆಯುವ ಒಂದು ಡೈಯನ್ನು ಬನಿಯನ್ನಿನಲ್ಲಿ ಸುತ್ತಿ ತಂದ. ಇವರೇ ಹೇಳಿ ತರಿಸಿದ್ದು. ಉಕ್ಕಿನ ಬಿಲ್ಲೆ, ನಡುವೆ ಹಲ್ಲಿನ ತೂತು, ಎರಡು ಕಡೆ ಹಿಡಿ.

"ಭಾವಾ, ಇದು ನಮ್ ಪ್ರೆಸ್ಸಿನ ಬೋಲ್ಟಿಗ್ ಹಾಕೋದು. ನಿಮ್ ಚಕ್ಕಿನ ಗೆರೆಗೂ ಇದಕ್ಕೂ ಸರಿ ಕಾಣುತ್ತೆ. ಆದ್ರೆ ದೇವ್ರಾಣೆ, ಗ್ಯಾರಂಟಿ ಹೇಳಲ್ಲ" ಅಂದ.

"ಕಾಣುತ್ತಲ್ಲ, ಸಾಕು."

"ಒಂದ್ಸಲ ಕೊರುದ್ರೆ ಹಳೇದು ಹೋಯ್ತು ಅಂತ್ಲೇ. ಆಮೇಲ್ ಅತ್ರೂ ಬರಲ್ಲ."

"ಹಳೇ ಚಕ್ಕೇ ಸತ್ತೋಯ್ತಲ್ಲೋ. ಹಳೇ ತಿರುಪಿಟ್ಕೊಂಡು ತಿಥಿ ಮಾಡ್ಲಾ?"

ತಮ್ಮ ನನ್ನ ಮುಖ ನೋಡಿದ. ನಾನು ಅವರೆಕಾಳು ಹಿತುಕುತ್ತಿದ್ದೆ. "ನನ್ನೇನ್ ನೋಡ್ತೀಯ, ನಿಮ್ ಭಾವಂದು ಲೇತು" ಅಂದೆ. ಎಣ್ಣೆ ಬಿಡಲು ನನ್ನನ್ನೇ ಕರೆದರು. ಇಬ್ಬರೂ ಎರಡು ಕಡೆಯ ಹಿಡಿ ಹಿಡಿದು ತಿರುಗಿಸಿದರು. ಉಕ್ಕು ಕೂದಲಿನ ಹಾಗೆ ಸುರುಳಿ ಸುರುಳಿ ಬಿತ್ತು. ಮಾವನ ಕಾಲದ ಗೆರೆ ಅರ್ಧ ಹೋಗಿ ಅದರ ಮೇಲೆ ಹೊಸ ಗೆರೆ ಬಂತು. ಚಕ್ಕು ಇಟ್ಟು ತಿರುಗಿಸಿದರು. ಕೊನೆಯವರೆಗೂ ಹೋಯಿತು. ತಮ್ಮ ತೊಡೆ ತಟ್ಟಿದ. ಇವರು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರು. ಆವತ್ತು ಹಿತುಕಿದ ಬೇಳೆ ಸಾರು, ಮುದ್ದೆ. ಎಲ್ಲರೂ ಚೆನ್ನಾಗಿ ತಿಂದೆವು.

ತಮ್ಮ ಬಸ್ಸು ಹತ್ತಿದ ಮೇಲೆ ಕಡ್ಡಿ ಹಾಕಿ ನನ್ನನ್ನು ಚಕ್ರಕ್ಕೆ ಕರೆದರು. ತಿರುಗಿಸಿದೆ. ನಾಲ್ಕು ಸುತ್ತಿಗೇ ನನ್ನ ಕೈಗೆ ಗೊತ್ತಾಯಿತು. ಪಟ್ಟಾ ಒಂದು ಸಲ ಬಿಗಿ, ಒಂದು ಸಲ ಸಡಿಲ. ಕಡ್ಡಿಯ ತುದಿ ನೋಡಿದರೆ ಒಂದು ಜಾಗದಲ್ಲಿ ನಿಲ್ಲುತ್ತಿಲ್ಲ, ಸಣ್ಣ ಉಂಗುರ ಬರೆಯುತ್ತಿದೆ. ಗೆರೆಯ ಮೇಲೆ ಗೆರೆ ಕೊರೆದು ಸ್ಪಿಂಡಲಿನ ಕತ್ತು ತೆಳ್ಳಗಾಗಿತ್ತು. ಚಕ್ಕು ಅದರ ಮೇಲೆ ಕೂತಿತ್ತು, ಹಿಡಿದಿರಲಿಲ್ಲ.

"ನಿಲ್ಸು" ಅಂದರು. ನಿಲ್ಲಿಸಿದೆ. ಬಿಚ್ಚಿ ಹಾಕಿ, "ತಿರುಗ್ಸು" ಅಂದರು. ತಿರುಗಿಸಿದೆ. "ನಿಲ್ಸೇ, ನಿಲ್ಸು." ಆವತ್ತಿಂದ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಅವರ ಹತ್ತಿರ ಎಸೆಯುವ ಎಳೆ ತಂದು ಸ್ಪಿಂಡಲಿನ ಕತ್ತಿಗೆ ಸುತ್ತಿ, ಅರಗು ಕಾಯಿಸಿ ಬಿಟ್ಟು, ಅದರ ಮೇಲೆ ಚಕ್ಕು ಕೂರಿಸಿದರು. ನೆಟ್ಟಗೆ ತಿರುಗಿತು. ನಾನೂ ಸಾಕಪ್ಪಾ ಅಂದುಕೊಂಡೆ. ಒಂದು ಪೆನ್ನಿನ ಕೊಳವೆ ಮುಗಿಯುವಷ್ಟರಲ್ಲಿ ಬಿಸಿಗೆ ಅರಗು ಮೆತ್ತಗಾಗಿ ಮತ್ತೆ ಅದೇ ಉಂಗುರ. ತಣ್ಣಗಾಗಲು ಬಿಡಬೇಕು, ಮತ್ತೆ ಸುತ್ತಬೇಕು. ಅರಗಿನ ಬದಲು ತಗಡು ಸುತ್ತಿದರು. ತಗಡು ಬಿಟ್ಟು ಸೀಸ ಹಚ್ಚಿದರು. ಒಂದೊಂದು ಸಲವೂ ಕತ್ತು ಇನ್ನಷ್ಟು ಸವೆಯಿತು.

ಹಾಗೇ ಒದ್ದಾಡಿ ಒಂದಷ್ಟು ಪೆನ್ನು ಮಾಡಿದರು. ಹೊರಗೆ ಹೊಳಪು ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಳಗೆ ಕೊಳವೆಯ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ಕಾಗದದಷ್ಟು. ಕೊಳವೆಯ ತಿರುಪು ಓರೆ, ಮುಚ್ಚಳದ ತಿರುಪು ಅದಕ್ಕಿಂತ ಓರೆ. ಮದ್ರಾಸಿನ ನಿಬ್ಬು, ಆಂಧ್ರದ ನಾಲಿಗೆ ಯಾವುದೂ ಈಗ ಕೂರುತ್ತಿರಲಿಲ್ಲ. ಮೊದಲು ಊರೂರಿನ ಸಾಮಾನನ್ನು ಒಗ್ಗಿಸುತ್ತಿದ್ದವರು, ತಾವೇ ಮಾಡಿದ ಕೊಳವೆಗೆ ತಾವೇ ಮಾಡಿದ ಮುಚ್ಚಳ ಹಾಕಲಾರದೆ ಕೂತಿದ್ದರು.

ಪರೀಕ್ಷೆಗೆ ಮುಂಚೆ ಶ್ರೀನಿವಾಸಪುರಕ್ಕೆ ಹೋದೆವು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ, ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವರು ಒಂದು ಪೆನ್ನು ತೆಗೆದು, ಶಾಯಿ ತುಂಬಿ, ಎರಡು ಸಾಲು ಬರೆದು, ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಳ್ಳದೆ ಬೆರಳ ನಡುವೆ ತಲೆಕೆಳಗಾಗಿ ಹಿಡಿದು ನಮ್ಮ ಜೊತೆ ಮಳೆ ಬೆಳೆ ಮಾತಾಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಅವರ ಬೆರಳು ನೀಲಿಯಾಯಿತು.

"ಏನಪ್ಪಾ ಇದು, ಪೆನ್ನಾ ಪಿಚಕಾರಿನಾ?"

ಇವರು ಹೆಗಲ ಮೇಲಿನ ಟವಲು ತೆಗೆದು ಅವರ ಮುಂದೆ ಹಿಡಿದರು.

"ನಿಮ್ಮಪ್ಪನ ಕಾಲ್ದಿಂದ ತಗೊಂತಿದೀನಿ. ಹುಡುಗ್ರು ಬಿಳೀ ಶರ್ಟು ಹಾಕ್ಕೊಂಡ್ ಪರೀಕ್ಷೆಗ್ ಹೋಗ್ತಾರೆ. ಅವರಪ್ಪಂದಿರು ಬಂದು ನನ್ ಶರ್ಟ್ ಹಿಡ್ಕೊಂತಾರೆ."

"ಲೇತಿಂದು ಚಕ್ಕು ಸ್ವಲ್ಪ..." ಅಂತ ಇವರು ಶುರು ಮಾಡಿದರು.

"ಅದೆಲ್ಲಾ ನಂಗ್ ಯಾಕಪ್ಪಾ? ಅಮ್ಮಾ, ನೀವಾದ್ರೂ ಹೇಳ್ಬಾರ್ದಾ ಇವ್ರಿಗೆ?" ಅಂತ ನನ್ನ ಕಡೆ ತಿರುಗಿದರು.

"ಹೇಳಿದ್ದೆಲ್ಲಾ ಮುಗೀತು ಸಾಮಿ" ಅಂದೆ.

ಕಾಫಿ ತರಿಸಿ ಕೊಟ್ಟರು. ಒಳ್ಳೇ ಮನುಷ್ಯ. ನಾವು ಕಾಫಿ ಕುಡಿಯುವಾಗ ಗಾಜಿನ ಡಬ್ಬದಲ್ಲಿ ಆಗಲೇ ಕೆಂಪು, ನೀಲಿ, ಹಸಿರು ರೀಫಿಲ್ ಪೆನ್ನು ನಿಂತಿದ್ದವು. ನಾವು ಬರುವುದಕ್ಕೆ ಮುಂಚೆಯೇ ನಿಲ್ಲಿಸಿದ್ದರು.

ಅಲ್ಲಿಗೇ ಬಿಡಬೇಕಿತ್ತು. ಇವರು ಬಿಡಲಿಲ್ಲ. ಸ್ಪಿಂಡಲು ಬಿಚ್ಚಿಕೊಂಡು ಕೋಲಾರಕ್ಕೆ ಹೋದರು, ಕಬ್ಬಿಣ ಕಡೆಯುವ ದೊಡ್ಡ ಲೇತಿನ ಸಾಬರ ಹತ್ತಿರ. ಹೊಸ ಸ್ಪಿಂಡಲು ಮಾಡಿಕೊಡಿ ಅಂದರಂತೆ. ಸಾಬರು ಅದನ್ನು ಬೆಳಕಿಗೆ ಹಿಡಿದು ನೋಡಿದರಂತೆ.

"ಯಾರ್ ಭಾಯ್ ಇದ್ರ ಮೇಲ್ ಡೈ ಓಡ್ಸಿದ್ದು?"

"ನಾನೇ."

"ಯಾಕ್ ಓಡಿಸ್ದೆ? ಸೀದಾ ನನ್ ಹತ್ರ ಬಂದಿದ್ರೆ ನಡುವೆ ಹಾಕೋಕೆ ಒಂದ್ ಬುಷ್ ಮಾಡ್ಕೊಡ್ತಿದ್ದೆ. ಒಳಗಡೆ ನಿನ್ ಹಳೇ ತಿರುಪು, ಹೊರಗಡೆ ಹೊಸ ಚಕ್ಕಿನ ತಿರುಪು. ಚಾ ಕುಡಿಯೋಷ್ಟ್ ಹೊತ್ತಿನ್ ಕೆಲಸ. ಚಕ್ಕೂ ಮುಟ್ಟೋದ್ ಬೇಡ, ಸ್ಪಿಂಡಲೂ ಮುಟ್ಟೋದ್ ಬೇಡ."

ಈಗ ಆಗುವುದಿಲ್ಲವಾ ಅಂತ ಕೇಳಿದ್ದಕ್ಕೆ, ಹಿಡಿಯಲು ಕತ್ತೇ ಇಲ್ಲ ಅಂದರಂತೆ. ಹೊಸ ಸ್ಪಿಂಡಲು ಮಾಡಿದರೆ ಅದು ಕೂತು ತಿರುಗುವ ಸವೆದ ಹಳೇ ಗುಂಡಿಯಲ್ಲಿ ಅಲ್ಲಾಡುತ್ತೆ, ಗುಂಡಿ ಹೊಸದು ಮಾಡಬೇಕು. ಗುಂಡಿ ಹೊಸದಾದರೆ ಅದು ಕೂತಿರುವ ಲೇತಿನ ತಲೆಯನ್ನೇ ಹೊಸದು ಮಾಡಬೇಕು. "ಒಂದ್ ಹಲ್ಲು ಹೋಗಿದ್ದಕ್ಕೆ ಪೂರಾ ಬಾಯೇ ಕಟ್ಟಿಸ್ಬೇಕಾಯ್ತಲ್ಲಪ್ಪಾ ನೀನು" ಅಂದರಂತೆ.

ಇದನ್ನೆಲ್ಲಾ ಮನೆಗೆ ಬಂದು ನನಗೆ ಹೇಳಿದರು. ಬುಷ್ ಅನ್ನುವ ಮಾತನ್ನು ನಾನು ಮೊದಲ ಸಲ ಕೇಳಿದ್ದು ಆವತ್ತು. ಅವರೂ ಅಷ್ಟೇ ಇರಬೇಕು. ಹೇಳುವಾಗ ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆಮೇಲೆ ಅವರು ಲೇತಿನ ಮುಂದಿನ ಮಣೆಯ ಮೇಲೆ ಸುಮ್ಮನೆ ಕೂರತೊಡಗಿದರು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ಕೆಲಸಕ್ಕೆ ಕೂರುವ ಹಾಗೇ ಕೂರುವುದು. ಸ್ಪಿಂಡಲಿಲ್ಲದ ಲೇತು. ನಾನು ಆ ಕಡೆ ಹೋದರೆ, "ಚಕ್ರ ಬೇಡ ಬಿಡು" ಅನ್ನುತ್ತಿದ್ದರು. ನಾನು ಚಕ್ರಕ್ಕೆ ಬಂದವಳಲ್ಲ, ಕಸ ಗುಡಿಸಲು ಬಂದವಳು. ಗುಡಿಸಲು ಕಸವೂ ಇರಲಿಲ್ಲ. ಪರೀಕ್ಷೆ ಬಂತು. ಹುಡುಗರು ಬೀದಿಯಲ್ಲಿ ಹೋದರು. ಆವನಿ ಕಡೆಯ ಹುಡುಗನೊಬ್ಬ ಬಾಗಿಲಲ್ಲಿ ನಿಂತು, "ಪೆನ್ನು ಇದ್ಯಾ ಮಾಮಾ?" ಅಂತ ಕೇಳಿದ. ನಾನೇ ಒಳಗಿಂದ, "ಇಲ್ಲ, ಇನ್ಮೇಲ್ ಇರಲ್ಲ, ಹೋಗು" ಅಂದೆ. ಯಾರಾದರೂ ಹೇಳಬೇಕಿತ್ತಲ್ಲ.

ಲೇತನ್ನು ಕೊನೆಗೆ ಗುಜರಿಯವನು ಒಯ್ದ. ಎಷ್ಟಕ್ಕೆ ಅಂತ ನಾನು ಕೇಳಲಿಲ್ಲ. ಮಕ್ಕಳನ್ನು ನಮ್ಮಮ್ಮನ ಹತ್ತಿರ ಬಿಟ್ಟು ನಾವಿಬ್ಬರೂ ಮಾಲೂರಿಗೆ ಹೋದೆವು. ತಮ್ಮ ಹೇಳಿ ಹೆಂಚಿನ ಕಾರ್ಖಾನೆಯಲ್ಲಿ ಸೇರಿಸಿದ. ನಾನು ಹಸಿ ಹೆಂಚು ಹೊತ್ತು ಒಣಗಿಸಲು ಜೋಡಿಸುವುದು. ಇವರಿಗೆ ಮಣ್ಣು ಹೊರುವ ಮೈ ಇರಲಿಲ್ಲ. ಕೈ ಅಚ್ಚುಕಟ್ಟು, ಮಾತು ಮೆತ್ತಗೆ ಅಂತ ಹೆಂಚು ಕೊಳ್ಳಲು ಬಂದವರಿಗೆ ತೋರಿಸಿ, ಆರಿಸಿ ಗಾಡಿಗೆ ಹಾಕಿಸುವ ಕೆಲಸ ಕೊಟ್ಟರು. ನೆರಳಿನ ಕೆಲಸ. ಬಿಸಿಲಿನಲ್ಲಿ ನಿಂತು ನಾನು ನೋಡುತ್ತಿದ್ದೆ. ಸ್ವಲ್ಪ ಮೈ ತುಂಬಿಕೊಂಡರು. ಯಾರೋ ಏನೋ ಅಂದದ್ದಕ್ಕೆ ಒಂದು ಸಲ ನಕ್ಕದ್ದನ್ನೂ ಕಂಡೆ. ಈ ಕೆಲಸ ಉಳಿದರೆ ಸಾಕು, ಮಕ್ಕಳನ್ನು ಕರೆಸಿಕೊಳ್ಳಬಹುದು ಅಂದುಕೊಂಡಿದ್ದೆ.

ಒಂದು ದಿನ ಯಲ್ದೂರಿನ ಕಡೆಯವರು ಗಂಡಹೆಂಡತಿ ಎತ್ತಿನ ಗಾಡಿ ಕಟ್ಟಿಕೊಂಡು ಬಂದರು. ಕೈಯಲ್ಲಿ ಒಂದು ಒಡೆದ ಹೆಂಚು. ಬೇರೆ ಕಾರ್ಖಾನೆಯದು. ಮಾವಿನ ಕೊಂಬೆ ಬಿದ್ದು ಸೂರಿನ ಅರ್ಧ ಹೋಗಿದೆ, ಉಳಿದ ಅರ್ಧಕ್ಕೆ ಇದೇ ಹೆಂಚಿದೆ, ಇದಕ್ಕೆ ಸೇರುವಂಥದ್ದು ಕೊಡಿ ಅಂದರು. ಹಾಗೆ ಕೇಳಿದವರಿಗೆ ಏನು ಹೇಳಬೇಕು ಅಂತ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ: ಎಲ್ಲಾ ಸೇರುತ್ತೆ ಅನ್ನು, ಗಾಡಿಗೆ ಹಾಕಿಸು. ಇಷ್ಟು ದಿನ ಇವರು ಬಾಯಿ ಬಿಡದೆ ಗಾಡಿಗೆ ಹಾಕಿಸುತ್ತಿದ್ದರು. ಆವತ್ತು ಆ ಒಡೆದ ಹೆಂಚನ್ನು ನಮ್ಮ ಹೆಂಚಿನ ಮೇಲಿಟ್ಟು, ಅಂಚಿನ ಸಣ್ಣ ತೋಡಿನಲ್ಲಿ ಬೆರಳಾಡಿಸಿ ನೋಡಿದರು.

"ಸೇರಲ್ಲ ಕಣಪ್ಪಾ" ಅಂದರು.

"ನೋಡೋಕ್ ಒಂದೇ ತರ ಐತಲ್ಲಾ."

"ನೋಡೋಕ್ ಹಂಗೇ ಇರುತ್ತೆ. ಮೇಲ್ ಹಾಕಿದ್ರೆ ಬಾಯ್ ಬಿಡುತ್ತೆ. ಮಳೆಗ್ ಸೋರುತ್ತೆ. ಇದನ್ನ ಮಾಡ್ದೋರ ಹತ್ರಾನೇ ಹೋಗಿ. ಇಲ್ಲಾಂದ್ರೆ ಪೂರಾ ಬಿಚ್ಚಿ ಹಾಕಿ. ಸೇರಿಸ್ತೀನಂತ ಇರೋ ಅರ್ಧನ ಒಡೀಬೇಡಿ."

ಆ ಹೆಂಗಸು ಕೈ ಮುಗಿದಳು. ಗಾಡಿ ಬರಿದಾಗಿ ಹೋಯಿತು. ಮೇಸ್ತ್ರಿ ಒಳಗಿನಿಂದ ಎಲ್ಲಾ ಕೇಳಿಸಿಕೊಂಡಿದ್ದ. ಕೂಗಾಡಲಿಲ್ಲ. "ನಾಳೆಯಿಂದ ಮಣ್ಣಿನ ಗುಂಡಿಗ್ ಇಳೀಪ್ಪಾ. ಅಲ್ಲಿ ಸೇರುತ್ತೋ ಇಲ್ವೋ ಅಂತ ಯಾರೂ ಕೇಳಲ್ಲ" ಅಂದ. ತಮ್ಮ ಹೋಗಿ ಬೇಡಿಕೊಂಡ. ಕೇಳಲಿಲ್ಲ.

"ಬಾಯ್ ಮುಚ್ಕೊಂಡ್ ಇದ್ದಿದ್ರೆ ನೆರಳಲ್ ಇರ್ತಿದ್ರಿ" ಅಂದೆ ಮನೆಯಲ್ಲಿ.

"ನೆರಳಲ್ ಕೂತ್ಕೊಂಡು ಎಲ್ಲಾ ಸೇರುತ್ತೆ ಅನ್ನೋ ಆ ಮಾತ್ ಆಡ್ಬೇಕಿತ್ತೇನೇ ನಾನು?"

"ಮಕ್ಳನ್ನ ಕರ್ಸ್ಕೊಬೋದಿತ್ತು."

ಅವರು ಚಾಪೆ ಬಿಡಿಸಿಕೊಂಡು, "ಪೋನೀಲೇ" ಅಂದರು. ಸೋತಾಗ ಅವರಿಗೆ ತೆಲುಗು ಬರುತ್ತಿತ್ತು, ಹೋಗಲಿ ಬಿಡು ಅನ್ನಲು. ಮಕ್ಕಳು ನಮ್ಮಮ್ಮನ ಮನೆಯಲ್ಲೇ ಬೆಳೆದವು. ದೊಡ್ಡವಳ ಮದುವೆಗೆ ನಾವಿಬ್ಬರೂ ನೆಂಟರ ಹಾಗೆ ಹೋಗಿ ಬಂದೆವು.

ಗುಂಡಿಗೆ ಇಳಿದ ಮೊದಲ ದಿನ ಅವರು ಬಂದು ಊಟಕ್ಕೆ ಕೂತರು. ಕೈ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಮಣ್ಣು ಒಣಗಿತ್ತು. ಮುದ್ದೆ ಇಟ್ಟು ಸಾರು ಬಿಟ್ಟೆ. ಗುದ್ದಲಿ ಹಿಡಿದು ಸೆಟೆದ ಬೆರಳು ಮಡಿಸಿ ಮುದ್ದೆ ಮುರಿಯಲು ನೋಡಿದರು, ಆಗಲಿಲ್ಲ. ನಾನು ಮುರಿದು, ಸಾರಿಗೆ ಅದ್ದಿ, ಒಂದೊಂದಾಗಿ ತಟ್ಟೆಯಲ್ಲಿಟ್ಟೆ. ಅಂಗೈಯಿಂದ ಎತ್ತಿಕೊಂಡು ತಿಂದರು.